ಜಪಾನಿ ಪ್ರವಾಸ ಬರಹಗಳನ್ನು ಇಂಗ್ಲಿಷಿಗೆ ಮಾಡಿಕೊಡುವವರು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪ್ರವಾಸ ಏಜೆನ್ಸಿಗಳಿಗೆ ಜಪಾನಿ ಬರಹಗಳ ಅನುವಾದ ಮಾಡಿಸಿಕೊಡುವುದು ನನ್ನ ಕೆಲಸ. ಬಂದ ಕಾಗದವನ್ನು ತಕ್ಕವರಿಗೆ ಹಂಚುತ್ತೇನೆ, ಅವರು ಕಳಿಸಿದ ಇಂಗ್ಲಿಷನ್ನು ಮೂಲದ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದುತ್ತೇನೆ. ಏಜೆನ್ಸಿಯವರು, ಹೋಂಸ್ಟೇ ನಡೆಸುವವರು, ಅಪ್ಪ ಅಮ್ಮನನ್ನು ಜಪಾನಿಗೆ ಕರೆದುಕೊಂಡು ಹೋಗಲು ಹೊರಟ ಮಕ್ಕಳು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಅಲ್ಲಿ ಎಲ್ಲ ಕಡೆ ಇಂಗ್ಲಿಷ್ ಬೋರ್ಡ್ ಇದೆಯಂತಲ್ಲ, ಅನುವಾದಕರು ಯಾಕೆ ಬೇಕು?

ಟೋಕಿಯೊ, ಕ್ಯೋಟೊ, ಒಸಾಕಾ ನೋಡಿಕೊಂಡು ಹತ್ತು ದಿನದಲ್ಲಿ ವಾಪಸಾಗುವ ಕುಟುಂಬಕ್ಕೆ ಬೇಕಿಲ್ಲ. ಸ್ಟೇಷನ್ನುಗಳಲ್ಲಿ ಇಂಗ್ಲಿಷ್ ಇದೆ, ದೊಡ್ಡ ಹೋಟೆಲುಗಳಲ್ಲಿ ಇಂಗ್ಲಿಷ್ ಬಲ್ಲವರಿದ್ದಾರೆ. ಆ ದುಡ್ಡು ಉಳಿಸಿ.

ಬೇಕಾಗುವುದು ಆ ದಾರಿ ಬಿಟ್ಟು ಒಳಕ್ಕೆ ಹೋದಾಗ. ಬೆಟ್ಟದೂರಿನ ರ್‍ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹದ ನಿಯಮಗಳು, ದೇವಾಲಯದ ವಸತಿ, ಬಾಡಿಗೆ ಬಸ್ಸಿನ ಒಪ್ಪಂದ, ರದ್ದತಿ ಶುಲ್ಕದ ಷರತ್ತು, ಜಿಲ್ಲಾಡಳಿತಗಳು ಹೊರಡಿಸುವ ಕೈಪಿಡಿ, ಹಬ್ಬದ ದಿನದ ರಸ್ತೆ ಬಂದ್ ಪ್ರಕಟಣೆ ಇವೆಲ್ಲ ಬಹುಪಾಲು ಜಪಾನಿಯಲ್ಲೇ ಇರುತ್ತವೆ. 2021ರಿಂದ ಬೆಂಗಳೂರು ಮತ್ತು ಟೋಕಿಯೊದ ನರಿತಾ ನಡುವೆ ನೇರ ವಿಮಾನ ಓಡುತ್ತಿದೆ. 2024ರಲ್ಲಿ ಭಾರತದಿಂದ ಜಪಾನಿಗೆ ಸುಮಾರು 2.3 ಲಕ್ಷ ಜನ ಹೋಗಿದ್ದಾರೆ. ಎರಡನೇ ಸಲ ಹೋಗುವವರು ಚಿಕ್ಕ ಊರುಗಳನ್ನು ಕೇಳುತ್ತಾರೆ, ಕೆಲಸ ಅಲ್ಲಿಂದ ಶುರುವಾಗುತ್ತದೆ.

ಅನುವಾದಕರು, ದುಭಾಷಿ, ಗೈಡ್, ಮೂವರೂ ಒಂದೇ ಅಲ್ಲವಾ?

ಅಲ್ಲ. ಬರೆದದ್ದನ್ನು ಬರೆದು ಕೊಡುವವರು ಅನುವಾದಕರು, ಜಪಾನಿಯಲ್ಲಿ ಈ ಕೆಲಸಕ್ಕೆ 'ಹೊನ್ಯಾಕು' ಎನ್ನುತ್ತಾರೆ. ಆಡಿದ್ದನ್ನು ಅಲ್ಲೇ ನಿಂತು ಆಡಿ ತೋರಿಸುವವರು ದುಭಾಷಿಗಳು, ಅದು 'ತ್ಸುಯಾಕು'. ಒಬ್ಬರೇ ಎರಡನ್ನೂ ಚೆನ್ನಾಗಿ ಮಾಡುವುದುಂಟು, ಆದರೆ ಹಾಗೆಂದು ಮೊದಲೇ ನಂಬಿ ಕೂರಬೇಡಿ. ಮಾತಿನಲ್ಲಿ ಪಟಪಟ ಉತ್ತರ ಕೊಡುವವರು ಬರೆಯಲು ಕೂತಾಗ ತಡವರಿಸುವುದನ್ನು ನಾನು ಬಹಳ ನೋಡಿದ್ದೇನೆ.

ಗೈಡ್ ಮೂರನೆಯ ಜಾತಿ. ಜಪಾನಿನಲ್ಲಿ ದುಭಾಷಿ ಗೈಡುಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆಯೇ ಇದೆ, ಅದರ ಕಾನೂನು 1949ರಷ್ಟು ಹಳೆಯದು. ಮೊದಲು ಆ ಪರವಾನಗಿ ಇಲ್ಲದೆ ಹಣ ಪಡೆದು ಗೈಡ್ ಕೆಲಸ ಮಾಡುವಂತಿರಲಿಲ್ಲ. 2018ರ ಜನವರಿಯಿಂದ ಯಾರು ಬೇಕಾದರೂ ಮಾಡಬಹುದು, ಆದರೆ ಪರೀಕ್ಷೆ ಪಾಸಾಗದವರು ಆ ಬಿರುದನ್ನು ಹಾಕಿಕೊಳ್ಳುವಂತಿಲ್ಲ. ಪರೀಕ್ಷೆ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ನಡೆಯುತ್ತದೆ, ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ. ಆದ್ದರಿಂದ ಅಲ್ಲಿ ನಿಮಗೆ ಗೈಡ್ ಬೇಕಾದರೆ ಇಂಗ್ಲಿಷ್ ಗೈಡನ್ನೇ ಕೇಳಿ.

ಬೆಂಗಳೂರಿನಲ್ಲಿ ಎಲ್ಲಿ ಹುಡುಕಬೇಕು?

ಜಪಾನಿ ಬಲ್ಲವರಿಗೆ ನಮ್ಮೂರಲ್ಲಿ ಬರವಿಲ್ಲ. ಬಿಡದಿಯಲ್ಲಿ ಟೊಯೊಟಾ, ನರಸಾಪುರದಲ್ಲಿ ಹೋಂಡಾ, ಊರೊಳಗೆ ಜಪಾನಿ ಗ್ರಾಹಕರಿರುವ ಸಾಫ್ಟ್‌ವೇರ್ ಕಂಪನಿಗಳು. ಟೊಯೊಟಾ ಕಿರ್ಲೋಸ್ಕರ್ 1997ರಲ್ಲಿ ಶುರುವಾಯಿತು. ಅಂದಿನಿಂದ ಎರಡು ತಲೆಮಾರಿನ ದುಭಾಷಿಗಳು, ಅನುವಾದಕರು ಈ ಕಾರ್ಖಾನೆ ಮತ್ತು ಕಂಪನಿಗಳ ಸುತ್ತ ಬೆಳೆದಿದ್ದಾರೆ.

ಆದರೆ ಇವರ ಕೈ ಪಳಗಿರುವುದು ಯಂತ್ರದ ಕೈಪಿಡಿ, ಗುಣಮಟ್ಟದ ವರದಿ, ಮೀಟಿಂಗಿನ ಟಿಪ್ಪಣಿಯಲ್ಲಿ. ಬಿಸಿನೀರಿನ ಬುಗ್ಗೆಯ ಊರಿನ ಬಗ್ಗೆ ಬರೆದ ಎರಡು ಪುಟವನ್ನು ಅವರಿಗೆ ಕೊಟ್ಟರೆ ಪ್ರತಿ ವಾಕ್ಯವೂ ಸರಿಯಾಗಿರುತ್ತದೆ, ಓದಿದವರಿಗೆ ಮಾತ್ರ ಅಲ್ಲಿಗೆ ಹೋಗಬೇಕು ಅನ್ನಿಸುವುದಿಲ್ಲ. ಒಪ್ಪಂದ ಮತ್ತು ವೇಳಾಪಟ್ಟಿಗೆ ಇವರಷ್ಟು ನಂಬಿಕಸ್ಥರು ಸಿಗುವುದಿಲ್ಲ. ಕೈಪಿಡಿ, ವೆಬ್ ಪುಟಕ್ಕೆ ಬೇರೆ ಕೈ ಹುಡುಕಿ.

ಆ ಬೇರೆ ಕೈ ಎಲ್ಲಿದೆ ಎಂದರೆ, ಜಪಾನಿ ಕಲಿಸುವ ಮೇಷ್ಟರುಗಳ ಹತ್ತಿರ ಮೊದಲು ವಿಚಾರಿಸಿ. ಯಾವ ವಿದ್ಯಾರ್ಥಿ ಓದುವ ಹುಚ್ಚಿನವರು, ಯಾರು ಇಂಗ್ಲಿಷನ್ನು ಚೆಂದ ಬರೆಯುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಜಪಾನಿನಲ್ಲಿ ಕೆಲವು ವರ್ಷ ಸಂಸಾರ ಮಾಡಿ ವಾಪಸಾದವರು ಜೆ.ಪಿ. ನಗರದಿಂದ ವೈಟ್‌ಫೀಲ್ಡ್‌ವರೆಗೆ ಇದ್ದಾರೆ. ಊರಲ್ಲಿ ವರ್ಷ ವರ್ಷ ನಡೆಯುವ ಜಪಾನ್ ಹಬ್ಬಕ್ಕೆ ಹೋಗಿ ಅರ್ಧ ದಿನ ಓಡಾಡಿದರೆ ಇಂಥವರ ಪರಿಚಯವಾಗುತ್ತದೆ. ನನ್ನ ಜೊತೆ ಇವತ್ತಿಗೂ ಕೆಲಸ ಮಾಡುವ ಒಬ್ಬರು ನನಗೆ ಸಿಕ್ಕಿದ್ದು ಅಲ್ಲಿನ ಕ್ಯಾಲಿಗ್ರಫಿ ಮೇಜಿನ ಹತ್ತಿರ.

ಬರೆಯುವ ಕೆಲಸಕ್ಕೆ ಬೆಂಗಳೂರಿನವರೇ ಆಗಬೇಕೆಂದಿಲ್ಲ. 1985ರಲ್ಲಿ ಹುಟ್ಟಿದ ಜಪಾನ್ ಅನುವಾದಕರ ಸಂಘದ ಸದಸ್ಯರ ಪಟ್ಟಿ ಅಂತರ್ಜಾಲದಲ್ಲಿದೆ, ಯಾವ ವಿಷಯದವರು ಎಂದು ನೋಡಿ ಹುಡುಕಬಹುದು. ಪ್ರೋಜ಼್ ಎಂಬ ತಾಣವೂ ಇದೆ. ದುಭಾಷಿ ಮಾತ್ರ ಊರಲ್ಲೇ ಇರಬೇಕು.

ಪರಿಚಯದ ಹುಡುಗಿ ಎನ್2 ಪಾಸ್ ಮಾಡಿದ್ದಾಳೆ. ಅವಳ ಹತ್ತಿರವೇ ಮಾಡಿಸಬಹುದಾ?

ಮಾಡಿಸಬಹುದು, ಪರೀಕ್ಷಿಸಿ ನೋಡಿದ ಮೇಲೆ. ಜೆಎಲ್‌ಪಿಟಿ ಎಂಬ ಜಪಾನಿ ಭಾಷೆಯ ಆ ಪರೀಕ್ಷೆ 1984ರಿಂದ ನಡೆಯುತ್ತಿದೆ. 2010ರಿಂದ ಐದು ಹಂತ, ಎನ್5 ಸುಲಭದ್ದು, ಎನ್1 ಅತಿ ಕಷ್ಟದ್ದು. ಎಲ್ಲ ಪ್ರಶ್ನೆಗಳೂ ಸರಿ ಉತ್ತರ ಆರಿಸುವ ಬಗೆಯವು. ಅದರಲ್ಲಿ ಮಾತಾಡುವ ಪರೀಕ್ಷೆ ಇಲ್ಲ, ಬರೆಯುವ ಪರೀಕ್ಷೆ ಇಲ್ಲ, ಇಂಗ್ಲಿಷಂತೂ ಇಲ್ಲವೇ ಇಲ್ಲ. ಎನ್1 ಪ್ರಮಾಣಪತ್ರ ಹೇಳುವುದು ಇವರು ಜಪಾನಿಯನ್ನು ಓದಿ, ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ ಎಂದಷ್ಟೇ. ಅನುವಾದದಲ್ಲಿ ಅದು ಅರ್ಧ ಕೆಲಸ.

ಎನ್3 ಇರುವವರಿಗೆ ದುಡ್ಡಿನ ವಿಷಯವಿರುವ ಕಾಗದ ಕೊಡಬೇಡಿ. ಅದು ಅವರಿಗೂ ಅನ್ಯಾಯ.

ನನಗೆ ಜಪಾನಿಯ ಒಂದಕ್ಷರ ಬರುವುದಿಲ್ಲ. ಅನುವಾದ ಸರಿಯಿದೆಯೇ ಎಂದು ನೋಡುವುದು ಹೇಗೆ?

ನಿಮ್ಮದೇ ಕಾಗದದಿಂದ ಸುಮಾರು ಮುನ್ನೂರು ಅಕ್ಷರದಷ್ಟು ಭಾಗ ಆರಿಸಿ, ದುಡ್ಡು ಕೊಟ್ಟು ಮಾದರಿ ಮಾಡಿಸಿ. ಬಿಟ್ಟಿಯಾಗಿ ಕೇಳಬೇಡಿ. ವೇಳೆ, ದರ, ರಜೆ, ಮಕ್ಕಳ ವಯಸ್ಸು ಇರುವ ಭಾಗವನ್ನೇ ಆರಿಸಿ. ಬಂದ ಇಂಗ್ಲಿಷಿಗಿಂತ ಮೊದಲು, ಅವರು ನಿಮಗೆ ಏನು ಕೇಳಿದರು ನೋಡಿ. ಇಷ್ಟು ವರ್ಷದಲ್ಲಿ ನಾನು ನೆಚ್ಚಿಕೊಂಡಿರುವ ಅಳತೆ ಇದೊಂದೇ: ಪ್ರವಾಸದ ಕಾಗದ ಕೈಗೆ ಬಂದಾಗ ಪ್ರಶ್ನೆ ಕೇಳದ ಅನುವಾದಕರು ಊಹೆಯಿಂದ ಬರೆಯುತ್ತಿದ್ದಾರೆ.

ಯಾಕೆಂದರೆ ಜಪಾನಿ ಬಹಳಷ್ಟನ್ನು ಹೇಳದೆ ಬಿಡುತ್ತದೆ. ನಾವೂ 'ನಾನು', 'ಅವಳು' ಎಂಬುದನ್ನು ಬಿಟ್ಟು ಮಾತಾಡುತ್ತೇವೆ, ಆದರೆ 'ಬಂದೆ' ಎಂದರೆ ನಾನು, 'ಬಂದಳು' ಎಂದರೆ ಅವಳು ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಜಪಾನಿಯ 'ಕಿಮಾಶಿತಾ' ಎಂಬುದರಲ್ಲಿ ಅದೂ ಇಲ್ಲ. ನಾನು ಬಂದೆ, ನೀವು ಬಂದಿರಿ, ಅವರು ಬಂದರು, ಎಲ್ಲವೂ ಅದೇ. ನಾಮಪದಕ್ಕೆ ಏಕವಚನ ಬಹುವಚನದ ಗುರುತೂ ಸಾಮಾನ್ಯವಾಗಿ ಇರುವುದಿಲ್ಲ. ದೇವಾಲಯ ಒಂದೋ ಮೂರೋ ಎಂದು ತಿಳಿಯಲು ನಕ್ಷೆ ನೋಡಬೇಕು, ಇಲ್ಲವೇ ಕೇಳಬೇಕು.

ಮಾದರಿ ಬಂದ ಮೇಲೆ ನೋಡಬೇಕಾದ ಕೆಲವು ಜಾಗಗಳಿವೆ. ಇವನ್ನು ಜಪಾನಿ ಬಾರದವರೂ ಹಿಡಿಯಬಹುದು.

ಮಹಡಿಯ ಲೆಕ್ಕ. ಜಪಾನಿನಲ್ಲಿ ನೆಲಮಹಡಿಯೇ ಒಂದನೇ ಮಹಡಿ. ಅವರ ಎರಡನೇ ಮಹಡಿ ನಮ್ಮ ಫಸ್ಟ್ ಫ್ಲೋರ್. ಮೊಣಕಾಲು ನೋವಿನ ಅತ್ತೆಯವರಿಗೆ ಕೋಣೆ ಹಿಡಿಯುವಾಗ ಇದು ಚಿಲ್ಲರೆ ವಿಷಯ ಅಲ್ಲ.

ರ್‍ಯೋಕಾನಿನ ದರ. ಅದು ಸಾಮಾನ್ಯವಾಗಿ ತಲೆಗೆ ಇಷ್ಟು ಎಂದು ಇರುತ್ತದೆ, ಕೋಣೆಗೆ ಅಲ್ಲ. 'ಇಪ್ಪಾಕು ನಿಶೋಕು' ಎಂದರೆ ಒಂದು ರಾತ್ರಿ, ಎರಡು ಊಟ, ಅಂದರೆ ರಾತ್ರಿ ಊಟ ಮತ್ತು ಬೆಳಗಿನ ತಿಂಡಿ. 'ಸುದೊಮರಿ' ಎಂದರೆ ಊಟವಿಲ್ಲದ ಬರೀ ವಾಸ. ಬಿಸಿನೀರಿನ ಬುಗ್ಗೆ ಇರುವ ಕಡೆ ಸ್ನಾನದ ತೆರಿಗೆ ಬೇರೆ ಇರುತ್ತದೆ, ಸಾಮಾನ್ಯವಾಗಿ ತಲೆಗೆ 150 ಯೆನ್.

ರಜಾದಿನ. ಹೆಚ್ಚಿನ ಸರ್ಕಾರಿ ಮ್ಯೂಸಿಯಮ್ಮುಗಳಿಗೆ ಸೋಮವಾರ ರಜೆ. ಸೋಮವಾರ ರಾಷ್ಟ್ರೀಯ ರಜೆ ಬಿದ್ದರೆ ಅಂದು ತೆರೆದು ಮಂಗಳವಾರ ಮುಚ್ಚುತ್ತಾರೆ. ಮೂಲದಲ್ಲಿ ಇದು ಆವರಣದೊಳಗೆ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಒಮ್ಮೆ ನಾನು ತಿದ್ದಿ ಕಳಿಸಿದ ಪಟ್ಟಿಯಲ್ಲೇ ಆ ಆವರಣದ ಮಾತು ಬಿಟ್ಟುಹೋಗಿತ್ತು. ಹದಿನಾಲ್ಕು ಜನ ಮಂಗಳವಾರ ಬೆಳಿಗ್ಗೆ ಮುಚ್ಚಿದ ಬಾಗಿಲ ಮುಂದೆ ನಿಂತರು, ಅವರಲ್ಲಿ ಆ ಒಂದು ಜಾಗ ನೋಡಲೆಂದೇ ಹೋಗಿದ್ದ ಹಿರಿಯರೊಬ್ಬರಿದ್ದರು. ಅವರ ಬೇಸರ ನನಗೆ ಇನ್ನೂ ಮರೆತಿಲ್ಲ. ಅಂದಿನಿಂದ ರಜೆಯ ಸಾಲನ್ನು ಎರಡು ಸಲ ಓದುತ್ತೇನೆ.

ಗಂಟೆ. ತಡರಾತ್ರಿವರೆಗೆ ತೆರೆದಿರುವ ಅಂಗಡಿಗಳು 25 ಗಂಟೆ ಎಂದು ಬರೆಯುವುದುಂಟು. ಅದು ಅಚ್ಚಿನ ತಪ್ಪಲ್ಲ, ಮಧ್ಯರಾತ್ರಿ ದಾಟಿ ಒಂದು ಗಂಟೆ.

ದೊಡ್ಡ ಸಂಖ್ಯೆಗಳು. ಅವರು ಹತ್ತು ಸಾವಿರಕ್ಕೆ ಒಂದು 'ಮಾನ್' ಎನ್ನುತ್ತಾರೆ, ಹತ್ತು ಕೋಟಿಗೆ ಒಂದು 'ಓಕು'. ಹತ್ತು ಮಾನ್ ಎಂದರೆ ನಮ್ಮ ಒಂದು ಲಕ್ಷ, ಸಾವಿರ ಮಾನ್ ಎಂದರೆ ಒಂದು ಕೋಟಿ. 2024ರಲ್ಲಿ ಜಪಾನಿಗೆ ಬಂದ ವಿದೇಶಿಯರು 3,687 ಮಾನ್ ಎಂದು ಅಲ್ಲಿನ ಪತ್ರಿಕೆಗಳಲ್ಲಿ ಬಂತು, ನಮ್ಮ ಲೆಕ್ಕದಲ್ಲಿ 3 ಕೋಟಿ 68 ಲಕ್ಷದ ಮೇಲೆ. ಇದನ್ನು ಮಿಲಿಯನ್ನಿಗೆ ತಿರುಗಿಸುವಾಗ ಸೊನ್ನೆ ಜಾರುವುದು ತೀರಾ ಸಾಮಾನ್ಯ. ಲಕ್ಷ ಕೋಟಿಯಲ್ಲಿ ಲೆಕ್ಕ ಹಾಕುವ ನಮಗೆ ಮಿಲಿಯನ್ನಿಗಿಂತ ಇದು ಬೇಗ ಕೈಗೆ ಬರುತ್ತದೆ.

ಇನ್ನು ಇಂಗ್ಲಿಷಿನಂತೆ ಕಾಣುವ ಜಪಾನಿ ಮಾತುಗಳು. 'ಬೈಕಿಂಗು' ಎಂದರೆ ಬಫೆ ಊಟ. ಟೋಕಿಯೊದ ಇಂಪೀರಿಯಲ್ ಹೋಟೆಲ್ 1958ರಲ್ಲಿ ತನ್ನ ಬಫೆಗೆ ವೈಕಿಂಗ್ ಎಂದು ಹೆಸರಿಟ್ಟಿತು, ಆಮೇಲೆ ದೇಶವೆಲ್ಲ ಹಾಗೇ ಕರೆಯಿತು. 'ಫುರೊಂತೊ' ಎಂದರೆ ಹೋಟೆಲಿನ ರಿಸೆಪ್ಷನ್, 'ಸಾಬಿಸು' ಎಂದರೆ ಎಷ್ಟೋ ಸಲ ಉಚಿತವಾಗಿ ಕೊಡುವುದು. ನಮ್ಮೂರ ಮಿಲಿಟರಿ ಹೋಟೆಲನ್ನು ಸೈನಿಕರ ವಸತಿಗೃಹ ಎಂದು ಬರೆದರೆ ಹೇಗಾಗುತ್ತದೋ ಹಾಗೆ, ವೈಕಿಂಗ್ ಬ್ರೇಕ್‌ಫಾಸ್ಟ್ ಎಂದು ಬರೆದುಕೊಟ್ಟವರು ಜಪಾನಿನ ಹೋಟೆಲಿನಲ್ಲಿ ಒಂದು ದಿನವೂ ತಿಂಡಿ ತಿಂದಿಲ್ಲ.

ಫೋನಿನ ಕ್ಯಾಮೆರಾ ಹಿಡಿದರೆ ಅನುವಾದ ಬರುತ್ತದಲ್ಲ?

ಬರುತ್ತದೆ, ಬಳಸಿ. ಟಿಕೆಟ್ ಯಂತ್ರ, ಅಂಗಡಿಯ ಬೋರ್ಡು, ಇದು ಶಾಂಪೂವೋ ಕಂಡಿಷನರೋ ಎಂದು ನೋಡುವುದಕ್ಕೆ ಅಷ್ಟು ಸಾಕು. ಅಚ್ಚು ಹಾಕಿಸುವುದಕ್ಕೆ, ದುಡ್ಡು ಕಟ್ಟುವುದಕ್ಕೆ, ಬಾಯಿಗೆ ಹಾಕಿಕೊಳ್ಳುವುದಕ್ಕೆ ಸಾಲದು. 2019ರ ಮಾರ್ಚಿನಲ್ಲಿ ಒಸಾಕಾದ ಮೆಟ್ರೊ ರೈಲು ಸಂಸ್ಥೆಯ ಇಂಗ್ಲಿಷ್ ಪುಟಗಳಲ್ಲಿ 'ಸಾಕಾಯಿಸುಜಿ' ಮಾರ್ಗವು 'ಸಾಕಾಯಿ ಮಸಲ್ ಲೈನ್' ಎಂದು ಬಂದಿತ್ತು. 'ಸುಜಿ' ಬರೆಯುವ ಅಕ್ಷರಕ್ಕೆ ಉದ್ದನೆಯ ಬೀದಿ ಎಂಬ ಅರ್ಥವೂ ಇದೆ, ಸ್ನಾಯು ಎಂಬ ಅರ್ಥವೂ ಇದೆ. ಯಂತ್ರ ಸ್ನಾಯುವನ್ನು ಆರಿಸಿತು. ಹಲಸೂರನ್ನು ಜ್ಯಾಕ್‌ಫ್ರೂಟ್ ಟೌನ್ ಎಂದು ಬರೆದ ಹಾಗೆ. ಸಂಸ್ಥೆ ಆ ಪುಟಗಳನ್ನು ತೆಗೆಯಬೇಕಾಯಿತು.

ಯಂತ್ರದಿಂದ ಮಾಡಿಸಿ ಮನುಷ್ಯರಿಂದ ತಿದ್ದಿಸುವುದೂ ಈಗ ರೂಢಿಯಲ್ಲಿದೆ. ನಿಯಮಾವಳಿಯಂಥ ಒಣ ಬರಹಕ್ಕೆ ಅದರಲ್ಲಿ ತಪ್ಪಿಲ್ಲ. ಆದರೆ ತಿದ್ದುವವರಿಗೆ ಮೂಲವನ್ನೂ ಕೊಡಿ. ಬರೀ ಇಂಗ್ಲಿಷನ್ನು ನುಣುಪು ಮಾಡಿದರೆ ತಪ್ಪು ಇನ್ನೂ ನಂಬುವಂತಾಗುತ್ತದೆ. ಪಾಸ್‌ಪೋರ್ಟ್ ಪ್ರತಿ, ಆಸ್ಪತ್ರೆಯ ಕಾಗದಗಳನ್ನು ಮಾತ್ರ ಬಿಟ್ಟಿ ತಾಣಗಳಿಗೆ ಹಾಕಬೇಡಿ.

ನಾವು ಸಸ್ಯಾಹಾರಿಗಳು. ಮೆನು ಅನುವಾದ ಮಾಡಿಸಿದರೆ ಸಾಕಾ?

ಸಾಲದು. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಬೆಂಗಳೂರಿನಿಂದ ಹೋಗುವವರಿಗೆ ಹೆಚ್ಚು ನೋವಾಗುವುದು ಇಲ್ಲೇ.

ಮೆನುವಿನಲ್ಲಿ 'ತರಕಾರಿ ಉಡೊನ್' ಎಂದಿರುತ್ತದೆ, ಉಡೊನ್ ಎಂದರೆ ಸಾರಿನಲ್ಲಿ ಹಾಕಿಕೊಡುವ ದಪ್ಪ ನೂಡಲ್ಸ್. ಅನುವಾದಕರು ಅದನ್ನು ಹಾಗೇ ಇಂಗ್ಲಿಷಿಗೆ ಇಡುತ್ತಾರೆ, ಅದು ಪದಶಃ ಸರಿ. ಆದರೆ ಆ ಸಾರಿನ ಬುಡ 'ದಾಶಿ' ಎಂಬ ತಿಳಿಸಾರು. ಅದನ್ನು ಬಹುತೇಕ ಕತ್ಸುಒ ಎಂಬ ಮೀನನ್ನು ಒಣಗಿಸಿ, ಸಿಪ್ಪೆಯಂತೆ ಹೆರೆದು ಕುದಿಸಿ ಮಾಡುತ್ತಾರೆ. ನಮ್ಮಲ್ಲಿ ಒಗ್ಗರಣೆ ಹಾಕಿದ್ದನ್ನು ಯಾರೂ ಬರೆಯುವುದಿಲ್ಲ, ಹಾಕೇ ಹಾಕಿರುತ್ತಾರೆ. ಅಲ್ಲಿ ದಾಶಿಯೂ ಹಾಗೆ. ಮೆನುವಿನಲ್ಲಿ ಇಲ್ಲದ ಮಾತನ್ನು ಟಿಪ್ಪಣಿಯಾಗಿ ಸೇರಿಸುವ ಅನುವಾದಕರು ನಿಮಗೆ ಬೇಕು.

ಇನ್ನೊಂದು ಬಲೆ ಅಲರ್ಜಿ ಪಟ್ಟಿ. ಜಪಾನಿನಲ್ಲಿ ಪೊಟ್ಟಣದ ತಿಂಡಿಗಳ ಮೇಲೆ ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಸೀಗಡಿ, ಏಡಿ ಮುಂತಾದವನ್ನು ಕಡ್ಡಾಯವಾಗಿ ನಮೂದಿಸುತ್ತಾರೆ. ಅದನ್ನು ನೋಡಿ 'ಮೊಟ್ಟೆ ಇಲ್ಲ, ಸೀಗಡಿ ಇಲ್ಲ, ತಿನ್ನಬಹುದು' ಎಂದುಕೊಳ್ಳುವವರಿದ್ದಾರೆ. ಕತ್ಸುಒ ಮೀನು ಆ ಪಟ್ಟಿಯಲ್ಲಿ ಇಲ್ಲ. ಅದು ಅಲರ್ಜಿಗಾಗಿ ಮಾಡಿದ ಪಟ್ಟಿ, ಸಸ್ಯಾಹಾರಕ್ಕಾಗಿ ಅಲ್ಲ. ಒಳಗಿರುವ ಸಾಮಗ್ರಿಗಳ ಸಾಲಿನಲ್ಲಿ 'ಕತ್ಸುಒ ಎಕಿಸು', 'ಪೋಕು ಎಕಿಸು', 'ಜೆರಾಚಿನ್' ಇದೆಯೇ ಎಂದು ನೋಡಿಸಿ. ಮೊದಲನೆಯದು ಮೀನಿನ ಸಾರ, ಎರಡನೆಯದು ಹಂದಿಯದು, ಮೂರನೆಯದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್.

ಒಳ್ಳೆಯ ಸುದ್ದಿಯೂ ಇದೆ. ಬೌದ್ಧ ದೇವಾಲಯಗಳ 'ಶೋಜಿನ್ ರ್‍ಯೋರಿ' ಎಂಬ ಅಡುಗೆಯಲ್ಲಿ ಮೀನು ಮಾಂಸ ಇಲ್ಲ, ಜೊತೆಗೆ ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದರ ಸಾರಿಗೆ ಕೊಂಬು ಎಂಬ ಕಡಲಪಾಚಿ ಮತ್ತು ಶಿಇತಾಕೆ ಅಣಬೆ ಬಳಸುತ್ತಾರೆ. ಮಡಿ ಪಾಲಿಸುವ ಹಿರಿಯರಿಗೆ, ಜೈನರಿಗೆ ನಾನು ಮೊದಲು ಹೇಳುವ ಊರು ವಾಕಾಯಾಮಾ ಪ್ರಾಂತ್ಯದ ಕೋಯಾ ಪರ್ವತ. ಅಲ್ಲಿನ ದೇವಾಲಯಗಳಲ್ಲೇ ಉಳಿದು ಈ ಊಟ ಮಾಡಬಹುದು. ಕಾಯ್ದಿರಿಸುವ ಮೊದಲು ಆ ವಸತಿಯ ಊಟದ ವಿವರವನ್ನು ಅನುವಾದ ಮಾಡಿಸಿಕೊಳ್ಳಿ, ಅಣಬೆ ತಿನ್ನದವರಿದ್ದರೆ ಅದನ್ನೂ ಮೊದಲೇ ತಿಳಿಸಿ.

ಜೇಬಿನಲ್ಲಿಟ್ಟುಕೊಂಡು ತೋರಿಸುವ 'ನಾವು ಮೀನು, ಮಾಂಸ, ದಾಶಿ ತಿನ್ನುವುದಿಲ್ಲ' ಎಂಬ ಚೀಟಿ ಇಂಗ್ಲಿಷಿನಿಂದ ಜಪಾನಿಗೆ ಹೋಗುವ ಕೆಲಸ. ಅದು ಉಲ್ಟಾ ದಿಕ್ಕು, ಅದಕ್ಕೆ ಜಪಾನಿನವರನ್ನೇ ಹಿಡಿಯಿರಿ.

ಸ್ಥಳಗಳ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಯಾವುದು ಸರಿ?

ಒಂದೇ ಅಕ್ಷರಗಳನ್ನು ಟೋಕಿಯೊದಲ್ಲಿ 'ನಿಹೊಂಬಾಶಿ' ಎಂದು ಓದುತ್ತಾರೆ, ಒಸಾಕಾದಲ್ಲಿ 'ನಿಪ್ಪೊಂಬಾಶಿ' ಎಂದು. ಊರು ಯಾವುದೆಂದು ತಿಳಿಯದೆ ಓದಲು ಬರುವುದಿಲ್ಲ. ಅನುವಾದಕರು ಪ್ರತಿ ಹೆಸರನ್ನೂ ಆಯಾ ಊರಿನ ಅಧಿಕೃತ ತಾಣದಲ್ಲಿ ನೋಡಿ ಬರೆಯಬೇಕು. ನಾನು ಹೆಸರುಗಳ ಪಟ್ಟಿಯನ್ನು ಬೇರೆಯಾಗಿ ಕೇಳಿ ಪಡೆಯುತ್ತೇನೆ.

'ಅರಾಕಾವಾ'ದಲ್ಲಿ 'ಕಾವಾ' ಎಂದರೇ ನದಿ, 'ಕಿಯೊಮಿಜುದೆರಾ'ದ 'ದೆರಾ' ಎಂದರೇ ದೇವಾಲಯ. ಹಾಗಿದ್ದರೂ ಅರಾಕಾವಾ ರಿವರ್, ಕಿಯೊಮಿಜುದೆರಾ ಟೆಂಪಲ್ ಎಂದು ಬರೆಯುವುದು ಹೊಸಬರಿಗೆ ಅನುಕೂಲ. ನಾವು ಲಾಲ್‌ಬಾಗ್ ಗಾರ್ಡನ್ ಎನ್ನುವುದಿಲ್ಲವೇ, 'ಬಾಗ್' ಎಂದರೂ ತೋಟವೇ. ತಪ್ಪು ಎಂದು ಹೊಡೆದು ಹಾಕಬೇಡಿ, ಕೈಪಿಡಿಯ ಉದ್ದಕ್ಕೂ ಒಂದೇ ರೀತಿ ಇರಲಿ.

ನಮ್ಮ ಲಿಪಿಗೆ ಇಲ್ಲೊಂದು ಅನುಕೂಲ ಇದೆ. ಜಪಾನಿಯಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು: 'ಒಬಸನ್' ಎಂದರೆ ಚಿಕ್ಕಮ್ಮ, 'ಒಬಾಸನ್' ಎಂದರೆ ಅಜ್ಜಿ. ಇಂಗ್ಲಿಷ್ ಕಾಗುಣಿತದಲ್ಲಿ ಇದು ಕಾಣುವುದಿಲ್ಲ. ಕನ್ನಡದಲ್ಲಿ ಎ ಏ, ಒ ಓ ಎರಡೂ ಇವೆ, ಹಾಗಾಗಿ 'ಕೋಬೆ', 'ಓಸಕ' ಎಂದು ಅವರ ಉಚ್ಚಾರಕ್ಕೆ ಹತ್ತಿರವಾಗಿ ಬರೆಯಬಹುದು. ಹಿರಿಯರ ಕೈಗೆ ಕೊಡುವ ಚೀಟಿಯಲ್ಲಿ ಸ್ಟೇಷನ್ ಹೆಸರುಗಳನ್ನು ಹೀಗೆ ಕನ್ನಡದಲ್ಲಿ ಬರೆದುಕೊಡಿ. ಅವರು ಓದಿ ಹೇಳಿದರೆ ಅಲ್ಲಿನವರಿಗೆ ಅರ್ಥವಾಗುತ್ತದೆ.

ದರ ಹೇಗೆ ಲೆಕ್ಕ ಹಾಕುತ್ತಾರೆ?

ಎರಡು ಬಗೆ. ಮೂಲದ ಜಪಾನಿ ಅಕ್ಷರಕ್ಕೆ ಇಷ್ಟು ಎಂದು, ಇಲ್ಲವೇ ಮುಗಿದ ಇಂಗ್ಲಿಷಿನ ಪದಕ್ಕೆ ಇಷ್ಟು ಎಂದು. ಮೊದಲನೆಯದನ್ನೇ ಆರಿಸಿ, ಕೆಲಸ ಶುರುವಾಗುವ ಮೊದಲೇ ಒಟ್ಟು ಮೊತ್ತ ಗೊತ್ತಾಗುತ್ತದೆ. ಜಪಾನಿನ ಹಳೆಯ ಬರವಣಿಗೆ ಹಾಳೆಯಲ್ಲಿ 400 ಚೌಕಗಳಿರುತ್ತವೆ, ಅಲ್ಲಿನ ಹಲವರು ಈಗಲೂ 400 ಅಕ್ಷರವನ್ನು ಒಂದು ಪುಟ ಎನ್ನುತ್ತಾರೆ. ಅದು ಇಂಗ್ಲಿಷಿನಲ್ಲಿ ಸುಮಾರು 160ರಿಂದ 200 ಪದ ಆಗುತ್ತದೆ. ಎರಡು ಕಡೆಯ ದರಗಳನ್ನು ಹೋಲಿಸುವಾಗ ಈ ಲೆಕ್ಕ ಇಟ್ಟುಕೊಳ್ಳಿ.

ಚಿತ್ರದೊಳಗೆ ಅಕ್ಷರ ಇರುವ ಕೈಪಿಡಿಗೆ ಎಣಿಕೆಯೇ ಕಷ್ಟ, ಅಲ್ಲಿ ಪುಟಕ್ಕೆ ಇಷ್ಟು ಎಂದು ಮಾತಾಡಿ. ಅನುವಾದ ಏಜೆನ್ಸಿ ತನಗೆ ಐಎಸ್‌ಒ 17100 ಎಂಬ ಅನುವಾದ ಸೇವೆಯ ಪ್ರಮಾಣಪತ್ರ ಇದೆ ಎಂದರೆ, ಎರಡನೇ ಸಲ ಓದುವವರು ಯಾರು ಎಂದು ಕೇಳಿ. 2015ರ ಆ ಮಾನದಂಡದಲ್ಲಿ ಅನುವಾದಕರಲ್ಲದ ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ಓದುವುದು ಕಡ್ಡಾಯ.

ಎಷ್ಟು ದಿನ ಬೇಕು?

ಇಂಗ್ಲಿಷ್ ಲೆಕ್ಕದಲ್ಲಿ ದಿನಕ್ಕೆ ಎರಡು ಸಾವಿರ ಪದ ದಾಟದಿದ್ದರೆ ಒಳ್ಳೆಯದು, ತಿದ್ದಲು ಇನ್ನೊಂದು ದಿನ ಬಿಡಿ. ಜಪಾನಿನಲ್ಲಿರುವವರಿಗೆ ಕೊಟ್ಟಿದ್ದರೆ ಅವರು ನಮಗಿಂತ ಮೂರೂವರೆ ಗಂಟೆ ಮುಂದೆ ಎಂಬುದು ನೆನಪಿರಲಿ, ನಮ್ಮ ಮಧ್ಯಾಹ್ನದ ಕಾಫಿ ಹೊತ್ತಿಗೆ ಅವರ ಕಚೇರಿ ಮುಚ್ಚಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಆಗಸ್ಟ್ ನಡುವಿನ ಒಬೊನ್ ಹಬ್ಬ, ಹೊಸವರ್ಷದ ಮೊದಲ ದಿನಗಳು, ಈ ಮೂರರಲ್ಲಿ ಯಾರೂ ಸಿಗುವುದಿಲ್ಲ.

ಅಲ್ಲಿ ಆಸ್ಪತ್ರೆಗೆ ಹೋಗಬೇಕಾಯಿತು, ಕಾಗದವೆಲ್ಲ ಜಪಾನಿಯಲ್ಲಿದೆ. ವಿಮೆಯವರು ಇಂಗ್ಲಿಷ್ ಕೇಳುತ್ತಿದ್ದಾರೆ.

ಮೂರು ಕಾಗದ ಮುಖ್ಯ. ವೈದ್ಯರ ಪ್ರಮಾಣಪತ್ರ 'ಶಿಂದಾನ್‌ಶೊ', ಹಣ ಕಟ್ಟಿದ ರಸೀದಿ 'ರ್‍ಯೋಶೂಶೊ', ಯಾವುದಕ್ಕೆ ಎಷ್ಟು ಎಂಬ ವಿವರಪಟ್ಟಿ 'ಮೇಸಾಯಿಶೊ'. ಕಳ್ಳತನವಾಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಅದರ ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಹೊರಡುವ ಮೊದಲೇ ವಿಮಾ ಕಂಪನಿಯ ಇಂಗ್ಲಿಷ್ ವೈದ್ಯಕೀಯ ಫಾರಂ ಒಂದನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡರೆ ಅಲ್ಲಿನ ವೈದ್ಯರು ತುಂಬಿಕೊಡಲೂಬಹುದು, ಅನುವಾದದ ಖರ್ಚೇ ಉಳಿಯುತ್ತದೆ.

ರಸೀದಿಯ ಮೇಲಿನ ವರ್ಷ ನೋಡಿ. 'ರೇವಾ 6' ಎಂದಿದ್ದರೆ 2024. ರೇವಾ ಶಕೆ 2019ರ ಮೇ 1ಕ್ಕೆ ಶುರುವಾಯಿತು, ಆದ್ದರಿಂದ ರೇವಾ ವರ್ಷಕ್ಕೆ 2018 ಕೂಡಿಸಬೇಕು. ಇದನ್ನು ಹಾಗೇ ಬಿಟ್ಟರೆ ವಿಮೆಯವರು ದಿನಾಂಕ ಹೊಂದುತ್ತಿಲ್ಲ ಎಂದು ವಾಪಸು ಕಳಿಸುತ್ತಾರೆ.

ಅನುವಾದಕರು ತಮ್ಮ ಹೆಸರು, ದಿನಾಂಕ, ಸಹಿ ಹಾಕಿ 'ಇದು ಮೂಲಕ್ಕೆ ನಿಷ್ಠವಾದ ಅನುವಾದ' ಎಂದು ಬರೆದುಕೊಡಲಿ. ನೋಟರಿ ಮುದ್ರೆ ಸಹಿಗೆ ಸಾಕ್ಷಿ, ಅನುವಾದ ಸರಿಯಿದೆ ಎಂಬುದಕ್ಕಲ್ಲ. ಕೇಳಿದರೆ ಮಾತ್ರ ಹಾಕಿಸಿ.

ಅಲ್ಲಿ ಕಾರು ಓಡಿಸಲು ಲೈಸೆನ್ಸ್ ಅನುವಾದ ಮಾಡಿಸಬೇಕಾ?

ಬೇಡ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಮೂಲ ಲೈಸೆನ್ಸನ್ನೂ ಒಯ್ಯಿರಿ.

ಮಗ ಟೋಕಿಯೊದಲ್ಲಿದ್ದಾನೆ. ವೀಸಾಕ್ಕೆ ಅವನು ಕಳಿಸಿದ ಜಪಾನಿ ಕಾಗದಗಳು?

ಅವನ ಆಹ್ವಾನ ಪತ್ರ, ಜಾಮೀನು ಪತ್ರ, ವಾಸದ ದಾಖಲೆ ಹೋಗುವುದು ಜಪಾನಿನ ಕಾನ್ಸುಲೇಟಿಗೆ. ಅಲ್ಲಿ ಜಪಾನಿ ಓದುತ್ತಾರೆ, ಅನುವಾದಕ್ಕೆ ದುಡ್ಡು ಸುರಿಯಬೇಡಿ.

ನಮ್ಮ ಹೋಂಸ್ಟೇಗೆ ಜಪಾನಿನವರು ಬರುತ್ತಾರೆ. ಅವರ ಪತ್ರ, ವಿಮರ್ಶೆ ಅನುವಾದ ಮಾಡಿಸಿದರೂ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಿಲ್ಲ.

ಹಂಪಿ, ಮೈಸೂರು ಕಡೆ ಮೊದಲಿಂದಲೂ ಬರುತ್ತಿದ್ದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಕಡೆಯ ಹೋಂಸ್ಟೇಯವರೂ ನನಗೆ ಪತ್ರ ಕಳಿಸತೊಡಗಿದ್ದಾರೆ.

ಏಜೆಂಟರು 'ಕೆಂತೋ ಶಿಮಾಸು' ಎಂದು ಬರೆದಿರುತ್ತಾರೆ, ಅನುವಾದದಲ್ಲಿ 'ಪರಿಶೀಲಿಸುತ್ತೇವೆ' ಎಂದು ಬರುತ್ತದೆ. ನೀವು ಕೋಣೆ ಕಾದಿರಿಸಿ ಕೂರುತ್ತೀರಿ. ನಮ್ಮವರು 'ನೋಡೋಣ ಸಾರ್' ಎಂದಾಗ ಅದರ ಅರ್ಥ ನಿಮಗೆ ಗೊತ್ತಲ್ಲ, ಬಹಳ ಸಲ ಅದೇ ಇದು. 'ಮುಜುಕಾಶೀ' ಎಂದರೆ ಕಷ್ಟ, ವ್ಯವಹಾರದಲ್ಲಿ ಅದು ಆಗುವುದಿಲ್ಲ ಎಂದೇ. ವಿಮರ್ಶೆಯಲ್ಲಿ 'ರಾತ್ರಿ ಬಹಳ ಜೀವಂತವಾಗಿತ್ತು' ಎಂದಿದ್ದರೆ ಸದ್ದಿಗೆ ನಿದ್ದೆ ಬರಲಿಲ್ಲ ಎಂದಿರಬಹುದು. ಇಂಥ ಕಡೆ ಅನುವಾದಕರನ್ನು ಎರಡು ಸಾಲು ಕೇಳಿ: ಅವರು ಬರೆದದ್ದು ಏನು, ನಿಮ್ಮ ಪ್ರಕಾರ ಅವರಿಗೆ ಅನ್ನಿಸಿದ್ದು ಏನು. ಎರಡನೇ ಸಾಲನ್ನು ಬರೆಯಬಲ್ಲವರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಇಂಗ್ಲಿಷ್ ಯಾಕೆ, ನೇರ ಕನ್ನಡಕ್ಕೇ ಮಾಡಿಸಬಾರದಾ?

ಮಾಡಿಸಬಹುದು, ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಎರಡು ಭಾಷೆಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಬೆನ್ನಿಗೆ ಅಂಟುತ್ತದೆ. ಮನೆ ಬಿಟ್ಟು ಹೊರಡುವಾಗ ಅವರು 'ಇತ್ತೆ ಕಿಮಾಸು' ಎನ್ನುತ್ತಾರೆ. ಅದು ಅಕ್ಷರಕ್ಕಕ್ಷರ ನಮ್ಮ 'ಹೋಗಿ ಬರ್ತೀನಿ'. ಇಂಗ್ಲಿಷಿನಲ್ಲಿ ಇದಕ್ಕೆ ಮಾತೇ ಇಲ್ಲ. ಇಂಗ್ಲಿಷಿನ ಮೂಲಕ ಬಂದ ಕನ್ನಡದಲ್ಲಿ ಇಂಥವೆಲ್ಲ ಎರಡು ಸಲ ತಿರುಚಿಕೊಂಡು ಬರುತ್ತವೆ.

ಆದರೆ ಜಪಾನಿಯಿಂದ ಕನ್ನಡಕ್ಕೆ ಬರೆಯಬಲ್ಲವರು ಸದ್ಯಕ್ಕೆ ಬೆರಳೆಣಿಕೆ. ವಿಮೆ, ಬುಕಿಂಗ್, ಬ್ಯಾಂಕು ಎಲ್ಲವೂ ಇಂಗ್ಲಿಷನ್ನೇ ಕೇಳುತ್ತವೆ. ಹಾಗಾಗಿ ಕಾಗದಪತ್ರ ಇಂಗ್ಲಿಷಿನಲ್ಲಿರಲಿ, ದಿನದಿನದ ಕಾರ್ಯಕ್ರಮದ ಹಾಳೆಯನ್ನು ಕನ್ನಡದಲ್ಲಿ ಮಾಡಿಸಿ. ಕನ್ನಡ ಮಾಡುವವರು ಸಂಶಯ ಬಂದಾಗ ಇಂಗ್ಲಿಷ್ ಮಾಡಿದವರಿಗೆ ನೇರ ಫೋನ್ ಮಾಡುವಂತೆ ಇಬ್ಬರಿಗೂ ಪರಿಚಯ ಮಾಡಿಸಿಕೊಡಿ.

ಮೊದಲ ಸಲ ಅನುವಾದಕರಿಗೆ ಬರೆಯುವಾಗ ಏನೇನು ತಿಳಿಸಬೇಕು?

ಓದುವವರು ಯಾರು, ಎಲ್ಲಿ ಬಳಸುತ್ತೀರಿ, ಯಾವಾಗ ಬೇಕು. ಜೊತೆಗೆ ಮೂಲದ ಪೂರ್ತಿ ಪ್ರತಿ, ಕತ್ತರಿಸಿದ ಫೋಟೊ ಅಲ್ಲ. ಹೀಗೆ ಬರೆದರೆ ಸಾಕು:

'ನಮಸ್ಕಾರ. ಜೊತೆಗಿರುವ ನಾಲ್ಕು ಪುಟ ಒಂದು ರ್‍ಯೋಕಾನಿನ ನಿಯಮಾವಳಿ. ಮಲ್ಲೇಶ್ವರದ ಒಂದು ಕುಟುಂಬ ಮುಂದಿನ ತಿಂಗಳು ಎರಡು ರಾತ್ರಿ ಅಲ್ಲಿ ಉಳಿಯುತ್ತದೆ. ಆರು ಜನ, ಎಪ್ಪತ್ತೆರಡರ ಅಜ್ಜಿ, ಐದು ವರ್ಷದ ಮಗು, ಎಲ್ಲರೂ ಸಸ್ಯಾಹಾರಿಗಳು. ದರ, ಊಟ, ಸ್ನಾನದ ನಿಯಮ, ರದ್ದತಿ ಷರತ್ತು ಪೂರ್ತಿ ಬೇಕು. ಊರಿನ ಇತಿಹಾಸದ ಭಾಗ ಬೇಡ. ಅಕ್ಷರಕ್ಕೆ ನಿಮ್ಮ ದರ ಎಷ್ಟು, ಎಂದಿಗೆ ಆಗುತ್ತದೆ ತಿಳಿಸಿ.'

'ಆಗುತ್ತದೆ, ಗುರುವಾರ ಕಳಿಸುತ್ತೇನೆ' ಎಂದಷ್ಟೇ ಉತ್ತರ ಬಂದರೆ ಇನ್ನೊಬ್ಬರಿಗೂ ಬರೆದು ನೋಡಿ. 'ಅಜ್ಜಿ ನೆಲದ ಮೇಲೆ ಹಾಸಿಗೆ ಹಾಸಿದರೆ ಮಲಗುತ್ತಾರಾ? ಮೂರನೇ ಪುಟದಲ್ಲಿ ಮಂಚ ಇರುವ ಕೋಣೆಯ ದರ ಬೇರೆ ಕೊಟ್ಟಿದ್ದಾರೆ. ಮಗುವಿಗೆ ಬೇರೆ ಹಾಸಿಗೆ ಬೇಕಾ, ಅಮ್ಮನ ಜೊತೆ ಮಲಗುತ್ತದಾ?' ಎಂದು ಬಂದರೆ ಕೆಲಸ ಅವರಿಗೇ ಕೊಡಿ.